ಗಂಟು, ಮೊಳೆ, ನಟ್ಟು-ಬೋಲ್ಟು: ಯಾವುದು ಎಲ್ಲಿಗೆ ತಕ್ಕದ್ದು?

ತೋಟದ ಕೆಲಸದಲ್ಲಿ ಒಂದನ್ನು ಇನ್ನೊಂದಕ್ಕೆ ಸೇರಿಸದ ದಿನವೇ ಇಲ್ಲವೆನ್ನಬಹುದು. ಏಣಿಗೆ ಮೆಟ್ಟಿಲು ಕಟ್ಟುತ್ತೇವೆ, ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುತ್ತೇವೆ, ಪೈಪಿಗೆ ಪೈಪು ಸೇರಿಸುತ್ತೇವೆ, ಪಲ್ಪರಿನ ಬೋಲ್ಟು ಬಿಗಿಯುತ್ತೇವೆ. ಕೈಗೆ ಸಿಕ್ಕಿದ ತಂತಿಯಿಂದಲೋ ಮೊಳೆಯಿಂದಲೋ ಆ ಹೊತ್ತಿನ ಕೆಲಸ ಸಾಗುತ್ತದೆ, ನಿಜ. ಆದರೆ ಮೆಟ್ಟಿಲು ಕಳಚಿದರೆ ಕೆಳಗೆ ಬೀಳುವವನು ಮನುಷ್ಯ. ಆದುದರಿಂದ ಯಾವ ಜೋಡಣೆ ಎಲ್ಲಿಗೆ ತಕ್ಕದ್ದೆಂದು ತಿಳಿದಿರುವುದು ಅವಶ್ಯ.

ಯಾವ ಜೋಡಣೆಗಾದರೂ ಮೊದಲು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಒಂದು, ಅದರ ಮೇಲೆ ಬೀಳುವ ಭಾರ ಅಥವಾ ಎಳೆತ ಯಾವ ದಿಕ್ಕಿನದು? ಎರಡು, ಮುಂದೆ ಅದನ್ನು ಬಿಚ್ಚಬೇಕಾಗುತ್ತದೆಯೆ? ಮೂರು, ಜೋಡಿಸಿದ ವಸ್ತು ಬೆಳೆಯುತ್ತದೆಯೆ, ಅಲುಗುತ್ತದೆಯೆ?

ಶಿಡ್ಲಘಟ್ಟದ ನಿದರ್ಶನ

ಈ ವಿಚಾರವನ್ನು ಚೆನ್ನಾಗಿ ಬಲ್ಲವರು ರೇಷ್ಮೆ ನೂಲು ಬಿಚ್ಚಾಣಿಕೆಯವರು. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಶಿಡ್ಲಘಟ್ಟವು ರೇಷ್ಮೆ ಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚಾಣಿಕೆಗೂ ಹೆಸರಾದ ಊರು. ಗೂಡಿನ ಎಳೆ ಕೂದಲಿಗಿಂತ ಸಣ್ಣದು. ಅಷ್ಟು ಸಣ್ಣ ಎಳೆಯನ್ನು ಒಂಟಿಯಾಗಿ ಬಳಸಲಾಗದು. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಎಳೆಯ ಮೇಲಿನ ಸೆರಿಸಿನ್ ಎಂಬ ಅಂಟು ಮೆದುವಾಗುತ್ತದೆ. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಎಳೆದಂತೆ ನೀರು ಹಿಂಡಿಹೋಗಿ, ಅಂಟು ಒಣಗಿ, ಎಲ್ಲವೂ ಒಂದೇ ನೂಲಾಗುತ್ತವೆ. ಒಂದು ಗೂಡು ಮುಗಿದಾಗ ಹೊಸ ಗೂಡಿನ ತುದಿಯನ್ನು ಓಡುವ ನೂಲಿಗೆ ತಗುಲಿಸಿದರೆ ಸಾಕು, ಅಂಟೇ ಅದನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಗಂಟು ಬೇಕಿಲ್ಲ. ಆದರೆ ಇಡೀ ನೂಲು ತುಂಡಾದರೆ ಅಂಟು ಸಾಲದು. ಸಣ್ಣ ಗಂಟು ಹಾಕಿ, ಬಾಲವನ್ನು ಗಿಡ್ಡಗೆ ಕತ್ತರಿಸಬೇಕು. ಬಾಲ ಉದ್ದವಾದರೆ ಅದು ನೂಲಿನ ದೋಷವೆಂದೇ ಎಣಿಕೆ. ಒಂದೇ ಕೆಲಸಗಾರ, ಒಂದೇ ನೂಲು. ಆದರೂ ಸಂದರ್ಭಕ್ಕೆ ತಕ್ಕಂತೆ ಜೋಡಣೆ ಎರಡು ಬಗೆ. ನಮ್ಮ ತೋಟಗಳಿಗೂ ಇದೇ ಪಾಠ.

ಹಗ್ಗ ಮತ್ತು ಏಣಿ

ನೇಕಾರರು ಎಳೆಗೆ ಎಳೆ ಸೇರಿಸಲು ಹಾಕುವ ಗಂಟನ್ನೇ ಹಗ್ಗಗಳಿಗೂ ಬಳಸಬಹುದು. ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸುವಾಗ ಇದು ಬಹಳ ಅನುಕೂಲ. ದಪ್ಪ ಹಗ್ಗದ ತುದಿಯನ್ನು ಹಿಂದಕ್ಕೆ ಮಡಿಸಿ ಹಿಡಿಯಿರಿ. ಸಣ್ಣ ಹಗ್ಗದ ತುದಿಯನ್ನು ಆ ಮಡಿಕೆಯೊಳಗೆ ಕೆಳಗಿನಿಂದ ಮೇಲಕ್ಕೆ ತಂದು, ಮಡಿಕೆಯ ಎರಡೂ ಎಳೆಗಳ ಹಿಂದಿನಿಂದ ಸುತ್ತಿಸಿ, ತನ್ನದೇ ಎಳೆಯ ಅಡಿಯಲ್ಲಿ ತೂರಿಸಿ ಬಿಗಿಯಿರಿ. ಹೊರೆ ಕಟ್ಟಲು, ಟಾರ್ಪಾಲು ಎಳೆಯಲು ಇದು ಸಾಕು. ಆದರೆ ಮನುಷ್ಯನ ಭಾರ ಹೊರುವ ಕಡೆ ತುಂಡು ಹಗ್ಗಗಳನ್ನು ಗಂಟು ಹಾಕಿ ಬಳಸಕೂಡದು. ಯಾವ ಗಂಟಾದರೂ ಹಗ್ಗದ ಬಲವನ್ನು ಕುಗ್ಗಿಸುತ್ತದೆ. ನೈಲಾನ್ ಹಗ್ಗ ನುಣುಪಾದ್ದರಿಂದ ಗಂಟು ಜಾರುವುದೂ ಉಂಟು.

ಬಿದಿರಿನ ಏಣಿಗೆ ಮೊಳೆ ಹೊಡೆಯುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಬಿದಿರಿನ ನಾರು ಉದ್ದಕ್ಕೆ ಸಾಗಿರುವುದರಿಂದ ಮೊಳೆ ಬಿದ್ದ ಕಡೆ ಸೀಳು ಹುಟ್ಟಿ ಉದ್ದಕ್ಕೂ ಹರಿಯುತ್ತದೆ. ಮೆಟ್ಟಿಲನ್ನು ಗೆಣ್ಣಿನ ಮೇಲುಗಡೆ ಕೂರಿಸಿ ಹಗ್ಗದಿಂದ ಹಲವು ಸುತ್ತು ಸುತ್ತಿ, ಕಡೆಗೆ ಎರಡು ಬಿದಿರುಗಳ ನಡುವೆ ಆ ಸುತ್ತುಗಳ ಮೇಲೆಯೇ ಎರಡು ಮೂರು ಅಡ್ಡ ಸುತ್ತು ಹಾಕಿ ಬಿಗಿಯಬೇಕು. ಕಟ್ಟು ಗಟ್ಟಿಯಾಗುವುದು ಈ ಅಡ್ಡ ಸುತ್ತಿನಿಂದ. ಗೆಣ್ಣು ಇರುವುದರಿಂದ ಕಟ್ಟು ಕೆಳಕ್ಕೆ ಜಾರುವುದಿಲ್ಲ.

ಮೊಳೆ

ಮರದ ಕೆಲಸಕ್ಕೆ ಮೊಳೆ ತಕ್ಕದ್ದು. ಅಡ್ಡಲಾಗಿ ಬೀಳುವ ಭಾರವನ್ನು ಅದು ಚೆನ್ನಾಗಿ ಹೊರುತ್ತದೆ; ತಾನು ಹೊಕ್ಕ ದಾರಿಯಲ್ಲೇ ಹೊರಕ್ಕೆ ಎಳೆದರೆ ಕಿತ್ತು ಬರುತ್ತದೆ. ತೆಳು ಹಲಗೆಯ ಕಡೆಯಿಂದ ಹೊಡೆದು, ಮೊಳೆಯ ಮೂರರಲ್ಲಿ ಎರಡು ಪಾಲು ದಪ್ಪ ಮರದೊಳಗೆ ಹೋಗುವಂತೆ ನೋಡಿಕೊಳ್ಳಬೇಕು. ಹಲಗೆಯ ಅಂಚಿನ ಬಳಿ ಮೊದಲು ಸಣ್ಣ ತೂತು ಕೊರೆದುಕೊಂಡರೆ ಸೀಳುವುದಿಲ್ಲ.

ನಟ್ಟು ಮತ್ತು ಬೋಲ್ಟು

ಬಿಚ್ಚಿ ಮತ್ತೆ ಕೂಡಿಸಬೇಕಾದ ಯಂತ್ರಭಾಗಗಳಿಗೆ ಇದಕ್ಕಿಂತ ಉತ್ತಮವಾದುದಿಲ್ಲ. ಬಿಗಿದ ಬೋಲ್ಟು ಸ್ವಲ್ಪವೇ ಹಿಗ್ಗಿ, ಎಳೆದ ಸ್ಪ್ರಿಂಗಿನಂತೆ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಪಲ್ಪರ್, ಪಂಪುಗಳ ಅದುರಾಟಕ್ಕೆ ಈ ಬಿಗಿ ಸಡಿಲುವುದರಿಂದ ಎರಡು ನಟ್ಟು ಅಥವಾ ಒಳಗೆ ನೈಲಾನ್ ಬಳೆಯಿರುವ ನಟ್ಟು ಹಾಕುವುದು ಸೂಕ್ತ. ಮರದ ಮೇಲೆ ಬಿಗಿಯುವಾಗ ಅಗಲವಾದ ವಾಷರ್ ಇಲ್ಲದಿದ್ದರೆ ನಟ್ಟು ಮರವನ್ನು ಕೊರೆದು ಒಳಗಿಳಿಯುತ್ತದೆ.

ಹಳೆಯ ಯಂತ್ರಗಳಿದ್ದವರು ಇನ್ನೊಂದನ್ನು ಗಮನಿಸಬೇಕು. ಇಂಗ್ಲೆಂಡಿನ ವಿಟ್‌ವರ್ತ್ ಎಂಬ ಇಂಜಿನಿಯರು 1841ರಲ್ಲಿ ಸೂಚಿಸಿದ ಥ್ರೆಡ್ಡಿನ ಕೋನ 55 ಡಿಗ್ರಿ. ಇಂದಿನ ಮೆಟ್ರಿಕ್ ಥ್ರೆಡ್ಡಿನದು 60 ಡಿಗ್ರಿ. ಅರ್ಧ ಇಂಚಿನ ಹಳೆಯ ಬೋಲ್ಟಿಗೂ 12 ಮಿ.ಮೀ. ಬೋಲ್ಟಿಗೂ ನೋಟದಲ್ಲಿ ಹೆಚ್ಚು ಅಂತರವಿಲ್ಲ, ಆದರೆ ಒಂದರ ನಟ್ಟು ಇನ್ನೊಂದಕ್ಕೆ ಸರಿಹೊಂದದು. ಬಲವಂತ ಮಾಡಿದರೆ ಥ್ರೆಡ್ ಹಾಳು. ಹಳೆಯ ನಟ್ಟನ್ನು ಅಂಗಡಿಗೆ ಒಯ್ದು ತಾಳೆ ನೋಡಿಯೇ ಕೊಳ್ಳಿ. ಕಳೆ ಕತ್ತರಿಸುವ ಯಂತ್ರದ ಬ್ಲೇಡಿನ ನಟ್ಟು ಸಾಮಾನ್ಯವಾಗಿ ಎಡಥ್ರೆಡ್ಡಿನದು. ಅದು ಬಿಚ್ಚುವುದು ಬಲಕ್ಕೆ ತಿರುಗಿಸಿದಾಗ.

ಪೈಪುಗಳು

ಪಿವಿಸಿ ಪೈಪಿನ ಸಾಲ್ವೆಂಟ್ ಸಿಮೆಂಟು ಬರಿಯ ಅಂಟಲ್ಲ. ರೇಷ್ಮೆಯ ಅಂಟು ಬಿಸಿನೀರಿನಲ್ಲಿ ಮೆದುವಾಗಿ ಒಣಗಿದಾಗ ಹಿಡಿಯುವಂತೆ, ಇದು ಪೈಪಿನ ಮೈಯನ್ನೇ ಮೆದುಮಾಡಿ ಎರಡನ್ನೂ ಬೆಸೆಯುತ್ತದೆ. ಆದ್ದರಿಂದ ಮಣ್ಣು, ನೀರು, ಎಣ್ಣೆ ಇರಕೂಡದು. ಒಳಕ್ಕೆ ತಳ್ಳಿ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಒಂದು ದಿನ ಬಿಟ್ಟು ಪೂರ್ಣ ಒತ್ತಡದಲ್ಲಿ ನೀರು ಹಾಯಿಸುವುದು ಕ್ಷೇಮ. ಕಪ್ಪು ಎಚ್‌ಡಿಪಿಇ ಪೈಪಿಗೆ ಈ ಸಿಮೆಂಟು ಹಿಡಿಯುವುದಿಲ್ಲ. ಅದನ್ನು ಕಾಯಿಸಿ ಬೆಸೆಯಬೇಕು, ಇಲ್ಲವೆ ಬಿಗಿಯುವ ಕಪ್ಲಿಂಗ್ ಹಾಕಬೇಕು.

ಬೆಳೆಯುವ ಮರಕ್ಕೆ ಬಿಗಿ ಬೇಡ

ಸಾಮಾನ್ಯವಾಗಿ ಜೋಡಣೆ ಗಟ್ಟಿಯಾಗಿದ್ದಷ್ಟೂ ಒಳ್ಳೆಯದೆನ್ನುತ್ತೇವೆ. ಬಳ್ಳಿಗೂ ಮರಕ್ಕೂ ಈ ಮಾತು ಸಲ್ಲದು. ಹಾಲುವಾಣ, ಸಿಲ್ವರ್ ಓಕ್ ಮರಗಳು ವರ್ಷ ವರ್ಷವೂ ದಪ್ಪವಾಗುತ್ತವೆ. ತಂತಿಯಾಗಲಿ ನೈಲಾನ್ ಆಗಲಿ ಹಿಗ್ಗುವುದಿಲ್ಲ. ತೊಗಟೆಯನ್ನು ಕೊರೆದು, ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯನ್ನೇ ಕಟ್ಟಿಹಾಕುತ್ತದೆ. ಬಾಳೆನಾರು ಅಥವಾ ತೆಳುವಾದ ತೆಂಗಿನ ಹುರಿಯಲ್ಲಿ ಮೆದುವಾಗಿ ಕಟ್ಟಿದರೆ, ಮೆಣಸಿನ ಬಳ್ಳಿ ತನ್ನ ಬೇರಿನಿಂದಲೇ ಮರವನ್ನು ಹಿಡಿದುಕೊಂಡ ಮೇಲೆ ಕಟ್ಟು ತಾನಾಗಿ ಕೊಳೆತುಹೋಗುತ್ತದೆ. ಇಲ್ಲಿ ಕೊಳೆಯುವುದೇ ಕಟ್ಟಿನ ಗುಣ.

ಆದರೆ ಕೊಳೆಯುವ ಈ ಗುಣವೇ ಏಣಿಯಲ್ಲಿ ಪ್ರಾಣಕ್ಕೆ ಎರವಾದೀತು. ಮಳೆಗಾಲ ಕಳೆದ ಏಣಿಯ ಹಗ್ಗ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಜೀರ್ಣವಾಗಿರಬಹುದು. ಕೊಯ್ಲಿಗೆ ಮುನ್ನ ಪ್ರತಿಯೊಂದು ಕಟ್ಟನ್ನೂ ಕೈಯಿಂದ ಎಳೆದು ನೋಡಿ, ಸಂಶಯ ಬಂದದ್ದನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿರಿ. ಅರ್ಧ ದಿನದ ಈ ಕೆಲಸವನ್ನು ಮುಗಿಸಿದ ಮೇಲೆಯೇ ಆಳನ್ನು ಏಣಿ ಹತ್ತಿಸುವುದು ಬೆಳೆಗಾರರ ಕರ್ತವ್ಯ.