ಫ್ರಿಜ್ಜಿನ ಸದ್ದುಗಳು

ಫ್ರಿಜ್ಜಿನ ಹಿಂಬದಿ ಕೆಳಗೆ ಸಾಮಾನ್ಯವಾಗಿ ಕಪ್ಪು ಬಣ್ಣದ, ಭದ್ರವಾಗಿ ಮುಚ್ಚಿದ ಉಕ್ಕಿನ ಗುಂಡಗಿನ ಡಬ್ಬಿಯೊಂದು ಇರುತ್ತದೆ. ಅದೇ ಕಂಪ್ರೆಸರ್; ದಿನವಿಡೀ ಕೇಳುವ ‘ಗುಂಯ್’ ಸದ್ದಿನ ಮೂಲ. ಒಳಗಿನ ಮೋಟಾರು ಶೀತಕ ಅನಿಲವನ್ನು ಒತ್ತಿ ಕೊಳವೆಗಳಿಗೆ ತಳ್ಳುತ್ತದೆ. ಬೇಕಾದಷ್ಟು ತಂಪಾದಾಗ ಥರ್ಮೋಸ್ಟಾಟ್ ‘ಟಕ್’ ಎಂದು ಅದನ್ನು ನಿಲ್ಲಿಸುತ್ತದೆ. ಆಗ ಇಡೀ ಪೆಟ್ಟಿಗೆ ಒಮ್ಮೆ ಅದುರುವುದೂ ಉಂಟು. ಇನ್ವರ್ಟರ್ ಮಾದರಿಗಳಲ್ಲಿ ಮೋಟಾರು ವೇಗ ಬದಲಿಸುತ್ತಾ ಬಹುಹೊತ್ತು ಓಡುವುದರಿಂದ ಸಣ್ಣ ಗುನುಗು ಹೆಚ್ಚು ಕಾಲ ಕೇಳುತ್ತದೆ.

ಜನರನ್ನು ಗಾಬರಿಗೊಳಿಸುವುದು ‘ಗುಳುಗುಳು’ ಸದ್ದು. ಎಲ್ಲೋ ನೀರು ಸೋರುತ್ತಿದೆ ಎಂದೇ ಅನೇಕರು ತಿಳಿಯುತ್ತಾರೆ. ಅದು ನೀರಲ್ಲ, ಶೀತಕ. ಕಂಪ್ರೆಸರಿನ ಒತ್ತಡಕ್ಕೆ ಸಿಕ್ಕಿ ದ್ರವವಾದ ಶೀತಕ ತೀರಾ ಕಿರಿದಾದ ಕೊಳವೆಯಿಂದ ಅಗಲ ಕೊಳವೆಗೆ ನುಗ್ಗಿ, ಒತ್ತಡ ಇಳಿದೊಡನೆ ಕುದಿಯುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಐಸೋಬ್ಯೂಟೇನ್ ಸಾಮಾನ್ಯ ಒತ್ತಡದಲ್ಲಿ ಮೈನಸ್ 12 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕುದಿಯುತ್ತದೆ. ಒಳಗಿನ ಹಾಲು, ತರಕಾರಿಯ ಶಾಖ ಹೀರಿಕೊಳ್ಳುವುದು ಈ ಕುದಿತವೇ. ಹಾಗಾಗಿ ಗುಳುಗುಳು ಎಂದರೆ ಫ್ರಿಜ್ಜು ತನ್ನ ಕೆಲಸ ಮಾಡುತ್ತಿದೆ ಎಂದರ್ಥ.

ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ಹಿಮ ಕರಗಿಸಲು ಹೀಟರ್ ಇದೆ. ಕಾದ ಹೀಟರಿನ ಮೇಲೆ ಕರಗಿದ ಹನಿ ಬಿದ್ದಾಗ, ಒಗ್ಗರಣೆಗೆ ನೀರು ಚಿಮುಕಿಸಿದಂತೆ ‘ಚುಂಯ್’ ಎನ್ನುತ್ತದೆ. ಒಳಗೋಡೆಯ ಪ್ಲಾಸ್ಟಿಕ್ಕು ತಂಪಿಗೆ ಕುಗ್ಗಿ, ಬಿಸಿಗೆ ಹಿಗ್ಗುವಾಗ ‘ಟಪ್’ ಎಂದು ಸಿಡಿದಂತೆ ಕೇಳುತ್ತದೆ. ಇವೂ ಸಹಜವೇ.

ಗಡಗಡ ಎಂದರೆ ಮೊದಲು ಕಾಲುಗಳು ಸಮವಾಗಿವೆಯೇ, ಹಿಂಬದಿ ಗೋಡೆಗೆ ತಾಗಿದೆಯೇ ನೋಡಬೇಕು. ಕೆಲವೇ ನಿಮಿಷಕ್ಕೊಮ್ಮೆ ‘ಟಕ್ ಟಕ್’ ಎನ್ನುತ್ತಿದ್ದು ಒಳಗೆ ತಂಪೇ ಆಗದಿದ್ದರೆ ಮಾತ್ರ ಪ್ಲಗ್ ತೆಗೆದು ಮೆಕ್ಯಾನಿಕ್ಕನ್ನು ಕರೆಸಬೇಕು.