ಫ್ಲಾಪಿಯಿಂದ ಹಾರ್ಡ್ ಡಿಸ್ಕಿಗೆ: ನಮ್ಮ ಅಕ್ಷರಸಂಪತ್ತಿನ ರಕ್ಷಣೆ



ಡೆಟ್ರಾಯಿಟ್ ಪ್ರದೇಶದ ಕನ್ನಡ ಕೂಟವು ಪಂಪನ ಹೆಸರನ್ನೂ ಶಿಕಾಗೊ ಪ್ರದೇಶದ ಕೂಟವು ವಿದ್ಯಾರಣ್ಯರ ಹೆಸರನ್ನೂ ಹೊತ್ತಿವೆ. 10ನೆಯ ಶತಮಾನದ ಪಂಪನ ಕಾವ್ಯವು ಇಂದು ನಮಗೆ ಓದಲು ದೊರೆಯುತ್ತಿರುವುದು ಅವನು ಬರೆದ ಓಲೆಗರಿ ಉಳಿದುದರಿಂದಲ್ಲ. ಗರಿಯು ಶಿಥಿಲವಾಗುವ ಮುನ್ನ ಲಿಪಿಕಾರನೊಬ್ಬನು ಅದನ್ನು ಹೊಸ ಗರಿಗೆ ಇಳಿಸಿದನು. ಅವನ ಪ್ರತಿಯನ್ನು ಮತ್ತೊಬ್ಬನು ಇಳಿಸಿದನು. ಪ್ರತಿ ಮಾಡುವವರಿಲ್ಲದ ಎಷ್ಟೋ ಗ್ರಂಥಗಳು ಹೆಸರುಮಾತ್ರವಾಗಿ ಉಳಿದಿವೆ. ಫ್ಲಾಪಿಯಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ಇಳಿಸುವ ಕಾರ್ಯವು ಆ ಹಳೆಯ ಕರ್ತವ್ಯದ ಮುಂದುವರಿಕೆಯೇ ಆಗಿದೆ.

ನಮ್ಮ ಪೀಳಿಗೆಯವರು ಈ ದೇಶದಲ್ಲಿ ನೆಲೆಯೂರಿದ ಕಾಲದಲ್ಲಿ ಸ್ಮರಣ ಸಂಚಿಕೆಯ ಲೇಖನಗಳು, ಯುಗಾದಿ ದೀಪಾವಳಿಗಳಿಗೆ ಬರೆದ ನಾಟಕಗಳು, ಮಕ್ಕಳ ಕನ್ನಡ ಪಾಠಗಳು, ಊರಿನ ಹಿರಿಯರಿಗೆ ಬರೆದ ಕಾಗದಗಳು ಎಲ್ಲವೂ ಫ್ಲಾಪಿಯಲ್ಲಿ ಸೇರುತ್ತಿದ್ದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದ ಮೇಲೆ ಮನೆಮನೆಯಲ್ಲೂ ಕನ್ನಡದ ಬೆರಳಚ್ಚು ಸುಲಭವಾಯಿತು. ಅದೇ ವರ್ಷ ಆಪಲ್ ಸಂಸ್ಥೆಯ ಐಮ್ಯಾಕ್ ಫ್ಲಾಪಿ ಡ್ರೈವ್ ಇಲ್ಲದೆ ಹೊರಬಂದಿತು. 2011ರಲ್ಲಿ ಸೋನಿ ಸಂಸ್ಥೆಯು ಜಪಾನಿನಲ್ಲಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. ಮುದ್ರಿತ ಪ್ರತಿ ಕಳೆದುಹೋದ ಕಡೆ ಬೇಸ್‌ಮೆಂಟಿನ ಪೆಟ್ಟಿಗೆಯಲ್ಲಿರುವ ಫ್ಲಾಪಿಯೊಂದೇ ಮೂಲ.

ರೋಗವನ್ನು ಅರಿಯಲು ಮೊದಲು ಶರೀರರಚನೆಯನ್ನು ತಿಳಿಯಬೇಕು. ಫ್ಲಾಪಿಯ ಒಳಗಿರುವುದು ಕಾಂತಗುಣವುಳ್ಳ ಆಕ್ಸೈಡಿನ ಲೇಪವಿರುವ ತೆಳುವಾದ ಪ್ಲಾಸ್ಟಿಕ್ ತಟ್ಟೆ. ಮೂರೂವರೆ ಅಂಗುಲದ ಸಾಮಾನ್ಯ ಫ್ಲಾಪಿಯಲ್ಲಿ 2 ಮುಖಗಳು, ಮುಖವೊಂದಕ್ಕೆ 80 ವರ್ತುಲಗಳು, ವರ್ತುಲವೊಂದಕ್ಕೆ 18 ಖಂಡಗಳು, ಖಂಡವೊಂದಕ್ಕೆ 512 ಬೈಟುಗಳು. ಒಟ್ಟು 14,74,560 ಬೈಟುಗಳು. ತಟ್ಟೆಯು ನಿಮಿಷಕ್ಕೆ 300 ಸುತ್ತು ತಿರುಗುವಾಗ ಡ್ರೈವಿನ ಶಿರವು ಲೇಪವನ್ನು ಮುಟ್ಟಿಕೊಂಡೇ ಓದುತ್ತದೆ. ಆದುದರಿಂದ ಧೂಳು, ಬೂಷ್ಟು, ಸಡಿಲಗೊಂಡ ಲೇಪ ಇವು ಮೂರೂ ಅಪಾಯಕರ. ಬೇಸಿಗೆಯಲ್ಲಿ ತೇವಗೊಳ್ಳುವ ಬೇಸ್‌ಮೆಂಟು ಮತ್ತು ಬೇಯುವ ಆಟಿಕ್ ಎರಡೂ ಫ್ಲಾಪಿಗೆ ಹಿತವಲ್ಲ. ಬಲವಾದ ಅಯಸ್ಕಾಂತವು ಬರಹವನ್ನು ಅಳಿಸಬಲ್ಲದು. ಎಕ್ಸ್‌ರೇ ಕಿರಣದಿಂದ ಆ ಭಯವಿಲ್ಲ.

ಪ್ರತಿ ಮಾಡುವ ವಿಧಾನಗಳು ಎರಡು. ಮೊದಲನೆಯದು ಕಾಣುವ ಫೈಲುಗಳನ್ನು ಮಾತ್ರ ನಕಲು ಮಾಡುವುದು. ಎರಡನೆಯದು ತಟ್ಟೆಯ ಪ್ರತಿಯೊಂದು ಖಂಡವನ್ನೂ ಕ್ರಮವಾಗಿ ಓದಿ ಇಡೀ ಫ್ಲಾಪಿಯನ್ನು ಒಂದೇ ‘ಬಿಂಬ’ ಫೈಲಾಗಿ ಇಳಿಸುವುದು. ವಿಂಡೋಸ್‌ನಲ್ಲಿ ವಿನ್‌ಇಮೇಜ್, ಲಿನಕ್ಸ್‌ನಲ್ಲಿ ಡಿಡಿ ಇಂತಹ ಸಾಧನಗಳು. ಡಿಡಿರೆಸ್ಕ್ಯೂ ಎಂಬುದು ಸುಲಭವಾಗಿ ದಕ್ಕುವ ಭಾಗಗಳನ್ನು ಮೊದಲು ಸಂಗ್ರಹಿಸಿ, ಕೆಟ್ಟ ಭಾಗಗಳನ್ನು ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ದುರ್ಬಲ ರೋಗಿಯನ್ನು ಪದೇ ಪದೇ ಅಲುಗಿಸದೆ ಒಮ್ಮೆ ಸಿ.ಟಿ. ಸ್ಕ್ಯಾನ್ ಮಾಡಿ, ಅನಂತರ ಚಿತ್ರವನ್ನೇ ಅಭ್ಯಾಸ ಮಾಡುವಂತೆ, ಬಿಂಬವನ್ನು ಪಡೆದ ಮೇಲೆ ಫ್ಲಾಪಿಗೆ ವಿಶ್ರಾಂತಿ ಕೊಡಬಹುದು. ಅಳಿಸಿದ ಫೈಲಿನ ಅವಶೇಷವೂ ಬಿಂಬದಲ್ಲಿ ಉಳಿದಿರುವುದು ಸಾಧ್ಯ.

ಪ್ರತಿಯು ಮೂಲದಂತೆಯೇ ಇದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ಶಿಕಾಗೊ ನಗರದಲ್ಲಿಯೇ ಉತ್ತಮ ನಿದರ್ಶನವಿದೆ. ಇಲ್ಲಿನ ವಾರ್ಡ್ ಕ್ರಿಸ್ಟೆನ್‌ಸನ್ ಅವರು 1977ರಲ್ಲಿ ರೂಪಿಸಿದ ಎಕ್ಸ್‌ಮೋಡೆಮ್ ವಿಧಾನವು ದೂರವಾಣಿಯ ಮೂಲಕ ಕಳುಹಿಸುವ ಫೈಲನ್ನು 128 ಬೈಟುಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನೊಡನೆ ಅದರ ಬೈಟುಗಳ ಮೊತ್ತದಿಂದ ಪಡೆದ ಒಂದು ತಾಳೆಯ ಅಂಕಿಯನ್ನು ಸೇರಿಸುತ್ತಿತ್ತು. ಅಂಕಿ ತಾಳೆಯಾಗದಿದ್ದರೆ ಆ ತುಂಡನ್ನು ಮತ್ತೆ ಕಳುಹಿಸಬೇಕು. ಇಂದಿನ ಎಸ್‌ಎಚ್‌ಎ-256 ಮೊದಲಾದವು ಇದೇ ತತ್ತ್ವದ ಬಲಿಷ್ಠ ರೂಪಗಳು. ಬಿಂಬವನ್ನು ಇಳಿಸಿದ ದಿನವೇ ಈ ಅಂಕಿಯನ್ನು ಬರೆದಿಟ್ಟರೆ ಹತ್ತು ವರ್ಷಗಳ ಬಳಿಕವೂ ಪ್ರತಿಯ ಆರೋಗ್ಯವನ್ನು ಪರೀಕ್ಷಿಸಬಹುದು.

ಆಚರಣೆಯಲ್ಲಿ ಅನುಸರಿಸತಕ್ಕ ಕ್ರಮ ಹೀಗಿದೆ. ಮೊದಲು ಮೂರೂವರೆ ಅಂಗುಲದ ಫ್ಲಾಪಿಯ ಮೂಲೆಯಲ್ಲಿರುವ ಪುಟ್ಟ ಬಿಲ್ಲೆಯನ್ನು ಸರಿಸಿ ಕಿಂಡಿಯನ್ನು ತೆರೆಯಬೇಕು; ಆಗ ಅದರ ಮೇಲೆ ಏನನ್ನೂ ಬರೆಯಲಾಗದು. ಐದೂಕಾಲು ಅಂಗುಲದ್ದರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಅಂಚಿನ ಕಚ್ಚನ್ನು ಮುಚ್ಚಬೇಕು. ಬೂಷ್ಟು ಹಿಡಿದುದನ್ನು ಡ್ರೈವಿಗೆ ಹಾಕಲೇಬಾರದು. ಸೋಂಕು ಶಿರಕ್ಕೆ ತಗುಲಿ ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ. ಓದಲಾಗದ ಫ್ಲಾಪಿಯನ್ನು ಕಂಡು ಕಂಪ್ಯೂಟರು “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಿದರೆ “ಬೇಡ” ಎಂದೇ ಉತ್ತರಿಸಬೇಕು. 1.44 ಎಂಬಿಯ ಫ್ಲಾಪಿಗಳಿಗೆ ಯುಎಸ್‌ಬಿ ಡ್ರೈವ್ ಸಾಕು. ಹಳೆಯ ಮ್ಯಾಕಿಂಟಾಷಿನ 400 ಕೆ ಮತ್ತು 800 ಕೆ ಫ್ಲಾಪಿಗಳನ್ನು ಅದು ಓದಲಾರದು. ಅವುಗಳಿಗೆ ಹಳೆಯ ಮ್ಯಾಕ್ ಯಂತ್ರವಾಗಲಿ, ಕಾಂತಸಂಕೇತಗಳನ್ನು ನೇರವಾಗಿ ದಾಖಲಿಸುವ ಗ್ರೀಸ್‌ವೀಸಲ್‌ನಂತಹ ಉಪಕರಣವಾಗಲಿ ಬೇಕು.

ಕನ್ನಡಿಗರಿಗೆ ಇನ್ನೊಂದು ವಿಶೇಷ ಎಚ್ಚರಿಕೆ ಅಗತ್ಯ. ಫೈಲು ಸುರಕ್ಷಿತವಾಗಿ ಇಳಿದರೂ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಬಹುದು. ಅದು ಕೆಟ್ಟಿದೆಯೆಂದು ಭಾವಿಸಿ ಎಸೆಯಬಾರದು. ಯುನಿಕೋಡ್ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ಅಂದಿನ ತಂತ್ರಾಂಶಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸುತ್ತಿದ್ದವು. ಅಂದಿನ ಫಾಂಟ್ ಇಲ್ಲದೆ ಆ ಬರಹ ಕಾಣದು. ಆದಕಾರಣ ತಂತ್ರಾಂಶದ ಮತ್ತು ಫಾಂಟಿನ ಫ್ಲಾಪಿಗಳನ್ನೂ ಜೊತೆಗೆ ಇಳಿಸಿಡಬೇಕು. ‘ಬರಹ’ ಮತ್ತು ‘ನುಡಿ’ಯ ಹಳೆಯ ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ, ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ ತಿದ್ದಬೇಕು. ಮೂಲ ಫೈಲನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳತಕ್ಕದ್ದು.

ಹಾರ್ಡ್ ಡಿಸ್ಕೂ ಚಿರಂಜೀವಿಯಲ್ಲ. ಅದು ಒಂದು ದಿನ ಮುನ್ಸೂಚನೆಯಿಲ್ಲದೆ ನಿಲ್ಲಬಹುದು. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಅನುಭವಿಗಳ ಸೂತ್ರ. 500 ಫ್ಲಾಪಿಗಳ ಬಿಂಬಗಳನ್ನು ಒಟ್ಟುಗೂಡಿಸಿದರೂ ಒಂದು ಗಿಗಾಬೈಟ್ ಆಗದು. ಶಿಕಾಗೊ ಮತ್ತು ಡೆಟ್ರಾಯಿಟ್‌ಗಳ ನಡುವೆ ಸುಮಾರು 280 ಮೈಲಿಗಳ ಅಂತರವಿದೆ. ಇಲ್ಲಿನ ಕುಟುಂಬಗಳ ಪ್ರತಿ ಅಲ್ಲಿಯೂ ಅಲ್ಲಿನದು ಇಲ್ಲಿಯೂ ಇದ್ದರೆ ಒಂದು ಮನೆಯ ಬೇಸ್‌ಮೆಂಟಿಗೆ ನೀರು ನುಗ್ಗಿದರೂ ಬರಹವು ನಾಶವಾಗದು.

ಕೊನೆಯದಾಗಿ ಒಂದು ಮಾತು. “ನಾಟಕ, 2ನೆಯ ಭಾಗ” ಎಂದು ಮಾತ್ರ ಚೀಟಿಯಿರುವ ಫ್ಲಾಪಿಯಲ್ಲಿ ಯಾರು ಬರೆದುದು, ಯಾವ ಹಬ್ಬಕ್ಕೆ ಆಡಿದುದು ಎಂಬುದನ್ನು ಬಲ್ಲವರು ಈಗ ಹಿರಿಯರಾಗಿದ್ದಾರೆ. ಕೆಲವರು ನಮ್ಮನ್ನು ಅಗಲಿಯೂ ಇದ್ದಾರೆ. ಯಾವ ಯಂತ್ರವೂ ಈ ನೆನಪನ್ನು ಓದಿಕೊಡಲಾರದು. ಫ್ಲಾಪಿಗಳನ್ನು ಇಳಿಸುವಾಗ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹೇಳಿದುದನ್ನು ಆ ಬಿಂಬದ ಜೊತೆಯಲ್ಲಿಯೇ ಬರೆದಿಡೋಣ. ಮಕ್ಕಳು ಯಂತ್ರವನ್ನು ನಡೆಸಲಿ, ಅಜ್ಜ ಅಜ್ಜಿಯರು ವಿವರವನ್ನು ಹೇಳಲಿ.