ಸುಣ್ಣದ ತಿಳಿಯಲ್ಲಿ ಒಂದು ಪಾಠ

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮಕ್ಕಳಿಗೆ ಶಾಲೆಯ ಮಾತು ಬೇರೆ, ಮನೆಯ ಮಾತು ಬೇರೆ. ನಾಸಿಕದ ಮರಾಠಿ ಶಾಲೆಯಲ್ಲಿ ಕಲಿಯುವ ನನ್ನ ಮೊಮ್ಮಗಳು ಕಳೆದ ರಜೆಯಲ್ಲಿ ವಿಜ್ಞಾನದ ಪಾಠವನ್ನು ಬಾಯಿಪಾಠ ಮಾಡುತ್ತಿದ್ದಳು. ‘ಚುನ್ಯಾಚೀ ನಿವಳೀ’ ಹಾಲಿನಂತಾಗುತ್ತದೆ ಎಂದು ಹತ್ತು ಸಲ ಹೇಳಿದಳು.

“ನಿವಳಿ ಅಂದ್ರ ಏನವ್ವಾ?” ಎಂದು ಕೇಳಿದೆ.

“ಗೊತ್ತಿಲ್ಲಜ್ಜಿ, ಪರೀಕ್ಷಾದಾಗ ಬರತೈತಿ” ಎಂದಳು.

ನನ್ನ ಎಲೆಯಡಿಕೆಯ ಚಂಚಿಯಲ್ಲಿದ್ದ ಸುಣ್ಣದ ಡಬ್ಬಿಯನ್ನು ಅವಳ ಮುಂದಿಟ್ಟೆ. ಚಿಟಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿಯೆಲ್ಲ ಮುಚ್ಚಿಟ್ಟೆವು. ಬೆಳಿಗ್ಗೆ ಮೇಲೆ ನಿಂತ ನೀರನ್ನು ಗಾಜಿನ ಲೋಟಕ್ಕೆ ಮೆಲ್ಲಗೆ ಬಸಿದೆವು. ಇದೇ ನಿವಳಿ, ನಮ್ಮ ಮಾತಿನಲ್ಲಿ ಸುಣ್ಣದ ತಿಳಿ. ಕೊಳವೆಯಿಂದ ಅದರೊಳಗೆ ಊದಿಸಿದೆ. ಸ್ವಲ್ಪ ಹೊತ್ತಿನಲ್ಲಿ ತಿಳಿನೀರು ಬೆಳ್ಳಗಾಯಿತು.

ಆದುದೇನು? ಉಸಿರಿನ ಇಂಗಾಲದ ಡೈ ಆಕ್ಸೈಡು ಸುಣ್ಣದೊಡನೆ ಕೂಡಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಹುಟ್ಟಿತು. ಸುಣ್ಣದ ಕಲ್ಲೆಂದರೆ ಇದೇ. ಸಕ್ಕರೆ ನೀರಿನಲ್ಲಿ ಕರಗಿದರೂ ಸಕ್ಕರೆಯೇ. ನೀರು ಆರಿದರೆ ಮರಳಿ ದೊರೆಯುತ್ತದೆ. ಇಲ್ಲಿಯಾದರೋ ಹಳೆಯ ಪದಾರ್ಥ ಹೋಗಿ ಹೊಸದು ಬಂದಿತು. ಇದಕ್ಕೇ ರಾಸಾಯನಿಕ ಕ್ರಿಯೆ ಎನ್ನುವರು.

ಹೋಯಿತೆಂದರೆ ನಾಶವಾಯಿತೆಂದಲ್ಲ. 100 ಗ್ರಾಂ ಶುದ್ಧ ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಪೂರ್ತಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. 44 ಗ್ರಾಂ ಇಂಗಾಲದ ಡೈ ಆಕ್ಸೈಡು ಹೊರಟುಹೋಗುತ್ತದೆ. ಕೂಡಿಸಿ ನೋಡಿರಿ, ಲೆಕ್ಕ ಸರಿ. ಪರಮಾಣುಗಳು ಅವೇ, ಜೊತೆಗೂಡಿದ ರೀತಿ ಬೇರೆ. ಫ್ರಾನ್ಸಿನ ಲವಾಸಿಯೆ 1789ರಲ್ಲಿ ಹೊರತಂದ ತನ್ನ ಗ್ರಂಥದಲ್ಲಿ ಈ ನಿಯಮವನ್ನು ಹೇಳಿದನು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಅದು ಬಿಸಿಯೇರಿ ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ, ಕಳೆದುಕೊಂಡಷ್ಟೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ.

ಅದೇ ರಜೆಯಲ್ಲಿ ಛತ್ರಪತಿ ಸಂಭಾಜಿನಗರದ ನೆಂಟರ ಮನೆಗೆ ಹೋದಾಗ ಬೀಬೀ ಕಾ ಮಕ್ಬರಾ ನೋಡಿದೆವು. 17ನೆಯ ಶತಮಾನದ ಆ ಕಟ್ಟಡದ ದೊಡ್ಡ ಗುಮ್ಮಟ ಅಮೃತಶಿಲೆಯದು. ಗೋಡೆಗಳ ಬಹುಭಾಗಕ್ಕೆ ನಯವಾಗಿ ತಿಕ್ಕಿದ ಸುಣ್ಣದ ಗಾರೆ. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ ಎಂದು ಹೇಳಿದೆ. ಹುಡುಗಿ ಗೋಡೆಯನ್ನೂ ಗುಮ್ಮಟವನ್ನೂ ನೋಡಿ, “ಹಂಗಾರ ನಾ ಲೋಟದಾಗ ಊದಿ ಮಾಡಿದ್ದೂ ಇದ ಏನಜ್ಜಿ?” ಎಂದಳು. ಪಾಠ ಅವಳಿಗೆ ಹತ್ತಿತ್ತು.

ತಾಯಂದಿರಿಗೆ ಒಂದು ಎಚ್ಚರಿಕೆಯ ಮಾತು. ಈ ಪ್ರಯೋಗವನ್ನು ಹಿರಿಯರ ಎದುರಿನಲ್ಲೇ ಮಾಡಿಸಿರಿ. ನೀರನ್ನು ಊದಬೇಕು, ಹೀರಕೂಡದು. ಸುಟ್ಟ ಸುಣ್ಣವನ್ನು ಮಕ್ಕಳ ಕೈಗೆ ಕೊಡಲೇಬೇಡಿರಿ. ಎಲೆಗೆ ಹಚ್ಚುವ ಸುಣ್ಣದ ಪುಡಿಕೆಯನ್ನು ಹಿಸುಕುತ್ತ ಆಡುವಾಗ ಅದು ಸಿಡಿದು ಕಣ್ಣು ಕಳೆದುಕೊಂಡ ಮಕ್ಕಳಿದ್ದಾರೆ. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜದೆ, ಒಡನೆಯೇ ಅರ್ಧ ತಾಸು ಶುದ್ಧ ನೀರು ಸುರಿದು ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಈಗ ನನ್ನ ಮೊಮ್ಮಗಳು ಹೊಸ ಪಾಠ ಬಂದಾಗಲೆಲ್ಲ ಫೋನು ಮಾಡಿ, “ಇದಕ್ಕ ನಮ್ಮ ಕಡೆ ಏನಂತಾರಜ್ಜಿ?” ಎಂದು ಮೊದಲು ಕೇಳುತ್ತಾಳೆ. ಶಾಲೆಯ ಭಾಷೆ ಯಾವುದೇ ಇರಲಿ, ಈ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಮನೆಯವರಾದ ನಮ್ಮದು.